ಗೂಡಿಗೆ ಹರಾಜು, ಹೊಲಕ್ಕೆ ಟವೆಲು

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ತರುವ ರೈತನಿಗೆ ತನ್ನ ಮಾಲನ್ನು ಯಾರು, ಎಷ್ಟಕ್ಕೆ ಕೊಂಡರು ಎಂಬುದು ಅಲ್ಲಿಯೇ ತಿಳಿಯುತ್ತದೆ. ಪ್ರತಿ ಲಾಟಿಗೂ ಒಂದು ಸಂಖ್ಯೆಯಿದೆ. ಕೂಗುವ ರೀಲರುಗಳಿಗೆ ಪರವಾನಗಿ ಇರಬೇಕು. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಹರಾಜು ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ಇದರ ಬೆನ್ನಿಗೆ 1959ರ ಕಾಯ್ದೆಯೊಂದಿದೆ. ಈ ವ್ಯವಸ್ಥೆಯ ಬಗ್ಗೆ ದೂರುಗಳಿಲ್ಲವೆಂದಲ್ಲ. ಬೆಲೆ ಕುಸಿದಾಗಲೆಲ್ಲ ಅವು ಕೇಳಿಬರುತ್ತವೆ. ಆದರೆ ಮಾರುವವನಿಗೂ ಕೊಳ್ಳುವವನಿಗೂ ಒಂದೇ ಬೆಲೆ ಕಾಣಿಸಬೇಕೆಂಬ ತತ್ವವನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

ಅದೇ ರೈತ, ಆ ಹುಳುಗಳಿಗೆ ಸೊಪ್ಪು ಕೊಟ್ಟ ಹಿಪ್ಪುನೇರಳೆ ಹೊಲವನ್ನೇ ಮಾರಲು ಹೊರಟಾಗ ಎಲ್ಲವೂ ತಿರುವುಮುರುವಾಗುತ್ತದೆ. ದನಗಳ ಜಾತ್ರೆಗಳಲ್ಲಿ ದಲ್ಲಾಳಿಯು ಕೈಗಳ ಮೇಲೆ ಟವೆಲು ಹೊದಿಸಿ, ಅದರಡಿಯಲ್ಲಿ ಮಾರುವವನ ಬೆರಳು ಹಿಡಿದು ಒಂದು ಬೆಲೆಯನ್ನೂ ಕೊಳ್ಳುವವನ ಬೆರಳು ಹಿಡಿದು ಮತ್ತೊಂದು ಬೆಲೆಯನ್ನೂ ಕುದುರಿಸುತ್ತಿದ್ದುದನ್ನು ನನ್ನ ತಲೆಮಾರಿನವರು ಕಂಡಿದ್ದಾರೆ. ಎರಡು ಬೆಲೆಗಳ ನಡುವಿನ ಅಂತರವೇ ಅವನ ದುಡಿಮೆ. ಎತ್ತಿನ ಜೋಡಿಯ ವ್ಯವಹಾರದಲ್ಲಿ ಆ ಅಂತರ ಕೆಲವು ನೂರು ರೂಪಾಯಿಗಳನ್ನು ಮೀರುತ್ತಿರಲಿಲ್ಲ. ಇಂದು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಗಳಲ್ಲಿ ಎಕರೆಗಟ್ಟಲೆ ಭೂಮಿಯೂ ಮೂವತ್ತು–ನಲವತ್ತರ ಸೈಟುಗಳೂ ಅದೇ ಟವೆಲಿನಡಿ ಕೈಬದಲಾಗುತ್ತಿವೆ. ಅಂತರ ಮಾತ್ರ ಲಕ್ಷಗಳಿಗೆ ಏರಿದೆ.

ಸರ್ಕಾರಿ ಸೇವೆಯ ಮೂರು ದಶಕಗಳಲ್ಲಿ ಕೆಲವು ವರ್ಷಗಳನ್ನು ಕಂದಾಯದ ಕಡತಗಳ ನಡುವೆ ಕಳೆದವನು ನಾನು. ನಿವೃತ್ತಿಯ ನಂತರವೂ ಬಂಧುಗಳು, ಹಳೆಯ ಸಹೋದ್ಯೋಗಿಗಳು ಕಾಗದಪತ್ರಗಳ ಕಟ್ಟು ತಂದು ‘ಸ್ವಲ್ಪ ನೋಡಿಕೊಡಿ’ ಎನ್ನುವುದು ನಿಂತಿಲ್ಲ. ಹಾಗೆ ನೋಡಿದ ಕಟ್ಟುಗಳಲ್ಲಿ ಪಹಣಿ ಇರುತ್ತದೆ, ಋಣಭಾರ ಪತ್ರ ಇರುತ್ತದೆ, ವಂಶವೃಕ್ಷ ಇರುತ್ತದೆ, ಹಿಂದಿನ ಕ್ರಯಪತ್ರಗಳಿರುತ್ತವೆ. ಇಡೀ ವ್ಯವಹಾರವನ್ನು ಕುದುರಿಸಿ, ನಡೆಸಿ, ಮುಗಿಸಿದ ವ್ಯಕ್ತಿಯ ಹೆಸರು ಮಾತ್ರ ಒಂದು ಹಾಳೆಯಲ್ಲೂ ಇರುವುದಿಲ್ಲ. ಆತನಿಗೆ ಸಂದ ಹಣದ ಲೆಕ್ಕವಂತೂ ದೂರದ ಮಾತು. ಭೂಮಿಯ ದಲ್ಲಾಳಿಯ ಕುರಿತ ನಮ್ಮ ಚರ್ಚೆ ಆತನ ಗುಣನಡತೆಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಚರ್ಚೆಯಾಗಬೇಕಾದುದು ಆತನ ಸಂಬಳದ ಬಗ್ಗೆ.

ಮೊದಲಿಗೆ ಆತನ ಪರವಾಗಿ ಹೇಳಲೇಬೇಕಾದದ್ದನ್ನು ಹೇಳಿಬಿಡುತ್ತೇನೆ. ‘ದಲ್ಲಾಳಿ’ ಎಂಬ ಪದಕ್ಕೆ ನಮ್ಮಲ್ಲಿ ಬೈಗುಳದ ಅರ್ಥ ಅಂಟಿಕೊಂಡಿದೆ. ಇದು ಅನ್ಯಾಯ. ಕನಕಪುರದ ಕಡೆ ಎರಡು ಎಕರೆ ಕೊಳ್ಳಬೇಕೆಂದು ಹೊರಟ ಬೆಂಗಳೂರಿನ ನೌಕರನೊಬ್ಬ ತಾನಾಗಿಯೇ ಏನನ್ನು ತಿಳಿಯಬಲ್ಲ? ಪಹಣಿಯಲ್ಲಿ ತೀರಿಕೊಂಡ ತಾತನ ಹೆಸರೇ ಇದೆ. ಪೌತಿ ಖಾತೆ ಆಗಿಲ್ಲ. ನಾಲ್ವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲಿದೆಯೆಂದು ಕರ್ನಾಟಕವು 1994ರಲ್ಲಿ, ಕೇಂದ್ರವು 2005ರಲ್ಲಿ ಕಾನೂನು ಮಾಡಿದವು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತು. ಒಬ್ಬ ಮಗಳು ಮೈಸೂರಿನಲ್ಲಿ, ಇನ್ನೊಬ್ಬಳು ಹಾಸನದಲ್ಲಿ. ಅವರ ರುಜು ಬೇಕು. ಸರ್ವೆ ನಂಬರು ಪೋಡಿಯಾಗಿಲ್ಲ, 11–ಇ ನಕ್ಷೆ ಮಾಡಿಸಬೇಕು. ಒಂದು ವೇಳೆ ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಕಾಲ ಮೀರಿತೆಂಬ ಕಾರಣಕ್ಕೆ ಅಂಥ ಕುಟುಂಬಗಳ ಅರ್ಜಿಗಳನ್ನು ತಳ್ಳಿಹಾಕದಂತೆ 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯೂ ಬಂದಿದೆ. ಇದನ್ನೆಲ್ಲ ಊರಿನ ದಲ್ಲಾಳಿ ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾನೆ. ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾವ ಬಾವಿಯ ನೀರಿಗೆ ತಕರಾರಿದೆ, ದಾರಿಯ ಹಕ್ಕು ಯಾರದು ಎಂಬುದು ಯಾವ ದಾಖಲೆಯಲ್ಲೂ ಸಿಗದ ಮಾಹಿತಿ. ಮುನಿಸಿಕೊಂಡ ಅಕ್ಕನ ಮನೆಗೆ ಬಾಳೆಹಣ್ಣು ಹಿಡಿದು ಹೋಗಿ ರುಜು ಹಾಕಿಸುವ ಕೆಲಸವನ್ನು ಯಾವ ವಕೀಲನೂ ಮಾಡಿಕೊಡಲಾರ.

ಇಷ್ಟೆಲ್ಲ ಮಾಡಿಯೂ ವ್ಯವಹಾರ ಮುರಿದುಬಿದ್ದರೆ ಆತನಿಗೆ ಸಿಗುವುದು ಸೊನ್ನೆ. ಹತ್ತು ಮಂದಿಗೆ ಜಾಗ ತೋರಿಸಿದರೆ ಒಬ್ಬ ಕೊಳ್ಳುತ್ತಾನೆ. ಉಳಿದ ಒಂಬತ್ತು ಮಂದಿಯ ಪೆಟ್ರೋಲು, ಕಾಫಿ, ಕಾಯುವ ದಿನಗಳ ಖರ್ಚನ್ನು ಆ ಒಬ್ಬನಿಂದಲೇ ತೆಗೆಯಬೇಕು. ರೇಷ್ಮೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಬಿಡದಿಯ ಕಾರ್ಖಾನೆಗಳಲ್ಲಿ ಕಾಯಂ ಕೆಲಸವೂ ಸಿಗದ ಎಷ್ಟೋ ರೈತರ ಮಕ್ಕಳು ಈ ಕಸುಬಿಗೆ ಇಳಿದಿದ್ದಾರೆ. ಚಹಾದಂಗಡಿಯವರು, ಮಾಜಿ ಪಂಚಾಯಿತಿ ಸದಸ್ಯರು, ವಿಮೆ ಏಜೆಂಟರು ಬಿಡುವಿನ ವೇಳೆಯಲ್ಲಿ ಇದನ್ನೇ ಮಾಡುತ್ತಾರೆ. ಬಂಡವಾಳ ಬೇಡದ, ಪರೀಕ್ಷೆ ಇಲ್ಲದ, ಬಾಗಿಲೇ ಇಲ್ಲದ ಉದ್ಯೋಗವಿದು.

ಹಾಗಾದರೆ ಆತನ ಗಳಿಕೆ ಹೇಗೆ? ಬಾಯಿಮಾತಿನ ದರ ಎಲ್ಲರಿಗೂ ಗೊತ್ತಿರುವಂಥದ್ದು: ಮಾರುವವರಿಂದ ಶೇ 1 ಅಥವಾ 2, ಕೊಳ್ಳುವವರಿಂದ ಅಷ್ಟೇ, ಬಾಡಿಗೆಯಾದರೆ ಒಂದು ತಿಂಗಳ ಬಾಡಿಗೆ. ಇದು ಕಟ್ಟಿದ ಮನೆಗಳಿಗೆ, ನಗರದೊಳಗಿನ ಸೈಟುಗಳಿಗೆ ಬಹುಮಟ್ಟಿಗೆ ನಿಜ. ಭೂಮಿಯ ವಿಷಯಕ್ಕೆ ಬಂದರೆ ಈ ಶೇಕಡಾವಾರು ಕಮಿಷನ್ ಒಂದು ಮುಖಪುಟ ಮಾತ್ರ. ದಲ್ಲಾಳಿ ರೈತನನ್ನು ಕೇಳುವ ಮೊದಲ ಪ್ರಶ್ನೆಯೇ, ‘ನಿಮ್ಮ ಕೈಗೆ ಎಷ್ಟು ಬರಬೇಕು?’ ಎಂಬುದು. ರೈತ ಎಕರೆಗೆ 80 ಲಕ್ಷ ಎಂದನೆಂದು ಇಟ್ಟುಕೊಳ್ಳೋಣ. ಅದರ ಮೇಲೆ ಎಷ್ಟಕ್ಕೆ ಬೇಕಾದರೂ ಮಾರಿಕೊಳ್ಳುವ ಸ್ವಾತಂತ್ರ್ಯ ದಲ್ಲಾಳಿಯದಾಗುತ್ತದೆ. ಕೊಳ್ಳುವವನು 1 ಕೋಟಿಗೆ ಒಪ್ಪುತ್ತಾನೆ. ಎರಡೂ ಕಡೆಯಿಂದ ಶೇ 2ರಂತೆ ಬಹಿರಂಗವಾಗಿ ಪಡೆದಿದ್ದರೆ ದಲ್ಲಾಳಿಗೆ ಸಿಗುತ್ತಿದ್ದುದು 4 ಲಕ್ಷ. ಈಗ ಸಿಗುವುದು 20 ಲಕ್ಷ. ಇದರ ಮೇಲೆ ಕೊಳ್ಳುವವನಿಂದ ಶೇ 1ರ ‘ಸಣ್ಣ’ ಕಮಿಷನ್ನನ್ನೂ ಪಡೆದು, ‘ನಿಮ್ಮ ಮುಖ ನೋಡಿ ಕಡಿಮೆ ಮಾಡಿದೆ’ ಎನ್ನುವವರಿದ್ದಾರೆ.

ಈ ಅಂತರ ಒಬ್ಬನ ಜೇಬಿಗೇ ಹೋಗುತ್ತದೆಂದು ತಿಳಿಯಬಾರದು. ರೈತನ ಮನೆಯ ಬಾಗಿಲಿನಲ್ಲಿ ನಿಂತವನಿಂದ ಹಿಡಿದು ಬೆಂಗಳೂರಿನ ಬನಶಂಕರಿಯಲ್ಲೋ ವಿಜಯನಗರದಲ್ಲೋ ಕಚೇರಿ ತೆರೆದವನವರೆಗೆ ನಾಲ್ಕೈದು ಕೊಂಡಿಗಳಿರುತ್ತವೆ. ಪ್ರತಿ ಕೊಂಡಿಯೂ ತನ್ನ ಮುಂದಿನವನಿಗೆ ಹೇಳುವ ಬೆಲೆಯಲ್ಲಿ ತನ್ನ ಪಾಲನ್ನು ಸೇರಿಸಿರುತ್ತದೆ. ಆದ್ದರಿಂದಲೇ ಇವರೆಲ್ಲರ ಮುಖ್ಯ ಕಾಯಕ ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವುದಲ್ಲ, ನೋಂದಣಿಯ ದಿನದವರೆಗೆ ಅವರಿಬ್ಬರೂ ಏಕಾಂತದಲ್ಲಿ ಸಂಧಿಸದಂತೆ ನೋಡಿಕೊಳ್ಳುವುದು! ಜಾಗ ನೋಡಲು ಬಂದವರನ್ನು ‘ಮಾಲೀಕರು ಊರಲ್ಲಿಲ್ಲ’ ಎಂದು ಕಳಿಸುವ, ರೈತನಿಗೆ ‘ಪಾರ್ಟಿಯ ಎದುರು ರೇಟಿನ ಮಾತೆತ್ತಬೇಡಿ’ ಎಂದು ಎಚ್ಚರಿಸುವ ನಾಟಕಗಳನ್ನು ಈ ಭಾಗದಲ್ಲಿ ಭೂಮಿ ಕೊಂಡ ಯಾರನ್ನು ಕೇಳಿದರೂ ವಿವರಿಸುತ್ತಾರೆ.

ಇನ್ನೂ ಮುಂದುವರಿದವರು ಅಗ್ರಿಮೆಂಟ್ ಹಾಕಿಕೊಳ್ಳುತ್ತಾರೆ. ರೈತನಿಗೆ ಒಂದಿಷ್ಟು ಮುಂಗಡ ಕೊಟ್ಟು, ಆರು ತಿಂಗಳೋ ವರ್ಷವೋ ಗಡುವು ಹಾಕಿ, ಜೊತೆಗೆ ಜಿಪಿಎ ಪಡೆದುಕೊಂಡರೆ ಭೂಮಿ ಹೆಚ್ಚುಕಡಿಮೆ ಅವರದೇ ಆದಂತೆ. ಗಡುವಿನೊಳಗೆ ಬೆಲೆ ಏರಿದರೆ ಲಾಭ ಅವರಿಗೆ. ಏರದಿದ್ದರೆ ಮುಂಗಡದ ತಗಾದೆಯಲ್ಲಿ ರೈತನ ಹೊಲ ನ್ಯಾಯಾಲಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಜಿಪಿಎ ಮೂಲಕ ಒಡೆತನ ವರ್ಗಾವಣೆಯಾಗದೆಂದು ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದ್ದು 2011ರಲ್ಲಿ. ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಈ ವಿಷಯ ಮುಟ್ಟಿದೆಯೋ ಕಾಣೆ.

ಇಲ್ಲಿ ಕಾನೂನು ಮೌನವಾಗಿದೆಯೇ? ಇಲ್ಲ. ಅದು 150 ವರ್ಷಗಳಿಂದ ಮಾತನಾಡುತ್ತಲೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 216ನೇ ಕಲಮಿನ ಪ್ರಕಾರ, ಏಜೆಂಟನು ತನ್ನ ಮಾಲೀಕನಿಗೆ ತಿಳಿಸದೆ ಏಜೆನ್ಸಿಯ ವ್ಯವಹಾರವನ್ನು ತನ್ನದೇ ಲೆಕ್ಕದಲ್ಲಿ ನಡೆಸಿ ಲಾಭ ಮಾಡಿಕೊಂಡರೆ, ಆ ಲಾಭವನ್ನು ಮಾಲೀಕನು ಕೇಳಿ ಪಡೆಯಬಹುದು. 213ನೇ ಕಲಮು ಲೆಕ್ಕ ಒಪ್ಪಿಸುವುದು ಏಜೆಂಟನ ಕರ್ತವ್ಯವೆನ್ನುತ್ತದೆ. ಆದರೆ ಲಿಖಿತ ಒಪ್ಪಂದವೇ ಇಲ್ಲದಿರುವಾಗ ಆತ ಯಾರ ಏಜೆಂಟ್ ಎಂಬುದನ್ನು ಸಾಬೀತುಪಡಿಸುವುದು ಹೇಗೆ? ರೈತನ ಕಡೆಯವನೆಂದು ರೈತ ನಂಬಿರುತ್ತಾನೆ, ತನ್ನ ಕಡೆಯವನೆಂದು ಕೊಳ್ಳುವವನು ನಂಬಿರುತ್ತಾನೆ. ಆತ ಇಬ್ಬರ ಕಡೆಯವನೂ ಅಲ್ಲ, ನಡುವಿನ ಅಂತರದ ಕಡೆಯವನು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಜಾರ್ಜ್ ಅಕರ್ಲಾಫ್ ನೆನಪಾಗುವುದು ಸಹಜ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಅವರು 1970ರಲ್ಲಿ ಬರೆದ ಪ್ರಬಂಧದ ಸಾರ ಇಷ್ಟೆ: ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದಾಗ, ಕೆಟ್ಟ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದಲೇ ಓಡಿಸುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಷಿಕಾಗೊ ಪ್ರದೇಶದ ಮನೆ ಮಾರಾಟಗಳನ್ನು ಅವರು ಪರಿಶೀಲಿಸಿದರು. ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಮಾರುವಾಗ ಗಿರಾಕಿಗಳ ಮನೆಗಳಿಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಿದ್ದರು, ಸುಮಾರು ಶೇ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಕಾರಣ ಸರಳ. ಬೆಲೆ ಹತ್ತು ಸಾವಿರ ಹೆಚ್ಚಿದರೆ ಶೇಕಡಾವಾರು ಕಮಿಷನ್ನಿನ ಏಜೆಂಟನಿಗೆ ಸಿಗುವುದು ಚಿಲ್ಲರೆ ಕಾಸು. ಆದ್ದರಿಂದ ಬೇಗ ಮುಗಿಸುವುದೇ ಆತನಿಗೆ ಲಾಭ. ನಮ್ಮ ‘ಕೈಗೆ ಎಷ್ಟು’ ಪದ್ಧತಿಯಲ್ಲಿ ಏಜೆಂಟನಿಗೆ ಬೆಲೆ ಏರಿಸಲು ಪೂರ್ತಿ ಉತ್ಸಾಹವಿದೆ, ಆ ಏರಿಕೆಯಲ್ಲಿ ರೈತನಿಗೆ ಬಿಡಿಗಾಸೂ ಇಲ್ಲ. ಷಿಕಾಗೊದ ಏಜೆಂಟ್ ಅವಸರದಿಂದ ನಷ್ಟ ಮಾಡಿಸುತ್ತಾನೆ, ನಮ್ಮವನು ಶ್ರದ್ಧೆಯಿಂದ.

ಇನ್ನು ಈ ಭೂಮಿ ನಿವೇಶನವಾಗಿ ಬೆಂಗಳೂರಿನ ಗಿರಾಕಿಯನ್ನು ತಲುಪುವ ಪರಿಯನ್ನು ನೋಡೋಣ. ಭಾನುವಾರ ಬೆಳಗ್ಗೆ ನಗರದ ವೃತ್ತಗಳಿಂದ ಉಚಿತ ವಾಹನ, ದಾರಿಯಲ್ಲಿ ತಟ್ಟೆ ಇಡ್ಲಿ, ಜಾಗದಲ್ಲಿ ಶಾಮಿಯಾನ. ಹೊಲದ ನಡುವೆ ಒಂದು ಕಮಾನು, ಎರಡು ಸಾಲು ಎಳೆಯ ಗಿಡ, ಪುಟ್ಟದೊಂದು ಗಣಪತಿ ಗುಡಿ. ಯುಗಾದಿಗೆ, ಅಕ್ಷಯ ತೃತೀಯಕ್ಕೆ, ವರಮಹಾಲಕ್ಷ್ಮಿಗೆ ಬೆಳ್ಳಿ ಬಂಗಾರದ ಕೊಡುಗೆ. ಕರಪತ್ರದ ಕಾಲ ಮುಗಿದು ಈಗ ಡ್ರೋನಿನಲ್ಲಿ ತೆಗೆದ ವಿಡಿಯೊಗಳು ಮೊಬೈಲಿಗೇ ಬರುತ್ತವೆ. ಹಿನ್ನೆಲೆಯಲ್ಲಿ ಮಾಗಡಿಯ ಕಡೆಯದಾದರೆ ಸಾವನದುರ್ಗ, ರಾಮನಗರದ ಕಡೆಯದಾದರೆ 1975ರ ‘ಶೋಲೆ’ಯ ಬಂಡೆಗಳು. ಆ ಬೆಟ್ಟಗಳ ಸುತ್ತಲಿನ ನಿರ್ಬಂಧಗಳು ವಿಡಿಯೊದಲ್ಲಿ ಬರುವುದಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಪರಿಸರ ಸೂಕ್ಷ್ಮ ವಲಯ, ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶ ಮುಂತಾದ ಪದಗಳನ್ನು ಶಾಮಿಯಾನದಡಿ ಕೇಳಿದರೆ ‘ಅದೆಲ್ಲ ನಮಗೆ ಬರಲ್ಲ ಸಾರ್’ ಎಂಬ ಉತ್ತರ ಸಿದ್ಧವಿರುತ್ತದೆ.

ಜಾಹೀರಾತಿನ ಗಣಿತ ಇನ್ನೂ ಸ್ವಾರಸ್ಯಕರ. ಅಲ್ಲಿ ದೂರವನ್ನು ಕಿಲೊಮೀಟರಿನಲ್ಲಿ ಅಳೆಯುವುದಿಲ್ಲ, ನಿಮಿಷಗಳಲ್ಲಿ ಅಳೆಯುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ಚನ್ನಪಟ್ಟಣವೂ ಬೆಂಗಳೂರಿಗೆ ‘ಅರ್ಧ ಗಂಟೆ’ಯ ಊರಾಯಿತು. ಈ ಅರ್ಧ ಗಂಟೆ ಆರಂಭವಾಗುವುದು ಕೆಂಗೇರಿಯಾಚೆ. ಮೆಜೆಸ್ಟಿಕ್ಕಿನಿಂದ ಕೆಂಗೇರಿ ತಲುಪುವ ಕಾಲವನ್ನು ಗಿರಾಕಿಯೇ ಕೂಡಿಸಿಕೊಳ್ಳಬೇಕು. ಆ ರಸ್ತೆಗೆ ಎಲ್ಲೆಂದರಲ್ಲಿ ಏರುವಂತಿಲ್ಲ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಗುಮಾಸ್ತನೊಬ್ಬ ತನ್ನ ಉಳಿತಾಯವನ್ನೆಲ್ಲ ಸುರಿದು ಸೈಟು ಕೊಂಡರೆ, ಆ ಜಾಹೀರಾತಿನ ನಿಮಿಷಗಳು ಅವನಿಗೆ ಸೇರಿದವುಗಳಲ್ಲ. ಮೆಟ್ರೊ ಕತೆಯೂ ಇಷ್ಟೆ. ಕನಕಪುರ ರಸ್ತೆಯಲ್ಲಿ ರೈಲು 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂತು, ಮೈಸೂರು ರಸ್ತೆಯಲ್ಲಿ 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ ಬಂತು. ಜಾಹೀರಾತುಗಳಲ್ಲಿ ಮಾತ್ರ ಅದು ಎಂದೋ ಹಾರೋಹಳ್ಳಿ, ಬಿಡದಿಗಳನ್ನು ದಾಟಿದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಭವಿಷ್ಯವನ್ನು ಮಾರುವುದು ಹೊಸತೇನೂ ಅಲ್ಲ, ಅದಕ್ಕೆ ಸರಕು ಒದಗಿಸಿದ್ದು ಸರ್ಕಾರಗಳೇ. 2006ರ ಸುಮಾರಿಗೆ ಬೆಂಗಳೂರಿನ ಸುತ್ತ ಐದು ಉಪನಗರಗಳನ್ನು ಘೋಷಿಸಲಾಯಿತು: ಬಿಡದಿ, ರಾಮನಗರ, ಸಾತನೂರು, ಸೋಲೂರು ಮತ್ತು ನಂದಗುಡಿ. ನಂದಗುಡಿಯನ್ನು ಬಿಟ್ಟರೆ ಉಳಿದ ನಾಲ್ಕೂ ಈ ಸೀಮೆಯವೇ. ಬಿಡದಿಯ ಗುತ್ತಿಗೆಗೆ ಆಯ್ಕೆಯಾದ ಡಿಎಲ್‌ಎಫ್ ಆನಂತರ ಹಿಂದೆ ಸರಿಯಿತು. ಆ ಹಳ್ಳಿಗಳ ರೈತರು ಎರಡು ದಶಕಗಳ ಕಾಲ ಅತ್ತ ಮಾರಲೂ ಆಗದೆ, ಇತ್ತ ನಿಶ್ಚಿಂತೆಯಿಂದ ಉಳಲೂ ಆಗದೆ ಉಳಿದರು. ‘ಉಪನಗರದ ಪಕ್ಕ’ ಎಂಬ ಫಲಕ ಹಾಕಿದವರು ಮಾತ್ರ ಆಗಲೇ ಮಾರಿ ಹೋಗಿದ್ದರು. 2025ರಲ್ಲಿ ಬಿಡದಿ ಭಾಗದ ಒಂಬತ್ತು ಗ್ರಾಮಗಳ ಏಳು ಸಾವಿರ ಎಕರೆಗೂ ಮೀರಿದ ಭೂಮಿಯ ಸ್ವಾಧೀನಕ್ಕೆ ಮತ್ತೆ ಅಧಿಸೂಚನೆ ಹೊರಟಿತು, ಬೈರಮಂಗಲದಲ್ಲಿ ರೈತರು ಪ್ರತಿಭಟನೆಗೆ ಕುಳಿತರು, ಫಲಕಗಳೂ ಮತ್ತೆ ಎದ್ದವು. ಅದೇ ವರ್ಷದ ಮೇ ತಿಂಗಳಿನಲ್ಲಿ, 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟ ಕೈಗೊಂಡಿತು. ಹೆಸರಿನ ರಾಜಕೀಯ ಏನೇ ಇರಲಿ, ‘ಬೆಂಗಳೂರಿನಲ್ಲಿ ಸೈಟು’ ಎಂದು ಮಾರುವವರಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಬೇರೆ ಸಿಕ್ಕಿರಲಾರದು.

ಇದಕ್ಕೆಲ್ಲ ರೇರಾ ಇದೆಯಲ್ಲ ಎನ್ನುವವರಿದ್ದಾರೆ. 2016ರ ಆ ಕಾಯ್ದೆ ಒಳ್ಳೆಯ ಕಾಯ್ದೆ. ನೋಂದಣಿಯಾಗದ ಯೋಜನೆಯನ್ನು ಏಜೆಂಟ್ ಮಾರುವಂತಿಲ್ಲ, ಏಜೆಂಟನೂ ನೋಂದಾಯಿಸಿಕೊಂಡಿರಬೇಕು, ಲೆಕ್ಕಪತ್ರ ಇಡಬೇಕು, ಜಾಹೀರಾತಿನಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಇರಬೇಕು. ತಪ್ಪಿದ ಏಜೆಂಟನಿಗೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ ಹಾಕಬಹುದು. ಆದರೆ ಕಾಯ್ದೆಯ ದೃಷ್ಟಿಯಲ್ಲಿ ‘ಏಜೆಂಟ್’ ಎಂದರೆ ರಿಯಲ್ ಎಸ್ಟೇಟ್ ಯೋಜನೆಯೊಂದರ ನಿವೇಶನ ಅಥವಾ ಮನೆಯನ್ನು ಮಾರಿಸುವವನು. 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ನೋಂದಣಿ ಬೇಕಿಲ್ಲ. ರೈತನಿಂದ ನೇರವಾಗಿ ಮಾರಾಟವಾಗುವ ಹೊಲ, ಹಳೆಯ ಮನೆಯ ಮರುಮಾರಾಟ, ಗ್ರಾಮಠಾಣೆಯ ಬಿಡಿ ಸೈಟು, ಇವು ಅದರ ಬಲೆಯೊಳಗೆ ಬರುವುದಿಲ್ಲ. ಅಂದರೆ ನಮ್ಮ ಊರಿನ ದಲ್ಲಾಳಿಯ ಬದುಕು ಬಹುಪಾಲು ನಡೆಯುವುದೇ ರೇರಾದ ಬೇಲಿಯಾಚೆ.

2020ರ ನಂತರ ಆ ಬಯಲು ಇನ್ನಷ್ಟು ವಿಸ್ತಾರವಾಗಿದೆ. ಭೂಸುಧಾರಣಾ ಕಾಯ್ದೆಯ 79–ಎ ಮತ್ತು 79–ಬಿ ಕಲಮುಗಳನ್ನು ರದ್ದುಪಡಿಸಿದ್ದರಿಂದ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವಂತಾಯಿತು. ಆ ಕಲಮುಗಳು ಭ್ರಷ್ಟಾಚಾರದ ಬಾವಿಯಾಗಿದ್ದವು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅವು ಹೋದ ಜಾಗದಲ್ಲಿ ಬಂದದ್ದು ಗುಂಟೆ ಲೆಕ್ಕದ ‘ಫಾರ್ಮ್ ಪ್ಲಾಟ್’. 95ನೇ ಕಲಮಿನ ಭೂಪರಿವರ್ತನೆ ಇಲ್ಲದೆ, ಯೋಜನಾ ಪ್ರಾಧಿಕಾರದ ನಕ್ಷೆ ಇಲ್ಲದೆ, ಐದು ಎಕರೆ ಮಾವಿನ ತೋಪನ್ನು ಹತ್ತಾರು ತುಂಡು ಮಾಡಿ, ಬೇಲಿ ಹಾಕಿ, ‘ವಾರಾಂತ್ಯದ ತೋಟ’ ಎಂದು ಮಾರಲಾಗುತ್ತಿದೆ. ಕೃಷಿ ಭೂಮಿಯೆಂದೇ ಮಾರುವುದರಿಂದ ರೇರಾ ತಮಗೆ ಅನ್ವಯಿಸದೆಂಬುದು ಮಾರುವವರ ವಾದ. ಕೊಂಡವನು ಅಲ್ಲಿ ಮನೆ ಕಟ್ಟಲು ಹೋದಾಗ ಪಂಚಾಯಿತಿಯವರು ಪರವಾನಗಿ ಕೊಡುವುದಿಲ್ಲ, ಬ್ಯಾಂಕಿನವರು ಸಾಲ ಕೊಡುವುದಿಲ್ಲ. ದಲ್ಲಾಳಿ ಅಷ್ಟರಲ್ಲಿ ಫೋನ್ ನಂಬರು ಬದಲಿಸಿರುತ್ತಾನೆ. ನನ್ನ ಬಳಿ ಬರುವ ಕಾಗದದ ಕಟ್ಟುಗಳಲ್ಲಿ ಈಚೆಗೆ ಇಂಥವೇ ಹೆಚ್ಚು. ನಿವೃತ್ತ ಶಿಕ್ಷಕರು ತಮ್ಮ ಗ್ರಾಚ್ಯುಟಿ ಹಾಕಿ ಕೊಂಡವು, ಸೊಸೆಯ ಒಡವೆ ಅಡವಿಟ್ಟು ಕೊಂಡವು.

ಉಪನೋಂದಣಾಧಿಕಾರಿಯ ಕಚೇರಿಯ ಹೊರಗೆ ಕುಳಿತು ಕ್ರಯಪತ್ರ ಬರೆಯುವ ಪತ್ರಬರಹಗಾರನನ್ನು ನೋಡಿ. ಆತನಿಗೆ 1979ರ ನಿಯಮಗಳಡಿ ಪರವಾನಗಿಯಿದೆ. ಹಳೆಯ ಪತ್ರಗಳ ಕೊನೆಯಲ್ಲಿ ‘ಬಿಕಲಂ’ ಎಂದು ಆತನ ಹೆಸರು ಇರುತ್ತಿತ್ತು. ಸಾಕ್ಷಿ ಹಾಕಿದವರ ವಿಳಾಸವಿರುತ್ತದೆ. ಸರ್ಕಾರ ತನ್ನ ಪಾಲನ್ನೂ ಬಿಡುವುದಿಲ್ಲ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿತು. ಬರೆದವನು, ನೋಡಿದವನು, ತೆರಿಗೆ ಪಡೆದವನು ಎಲ್ಲರೂ ದಾಖಲೆಯಲ್ಲಿದ್ದಾರೆ. ಎಲ್ಲರಿಗಿಂತ ಹೆಚ್ಚು ದುಡಿದವನು ಮಾತ್ರ ಬಾಗಿಲಲ್ಲಿ ನಿಂತು ಬೆಳಕಿಗೆ ಬೆನ್ನು ಮಾಡಿರುತ್ತಾನೆ.

ನನ್ನ ಸಲಹೆ ಒಂದೇ. ನೋಂದಣಿಗೆ ಬರುವ ಪ್ರತಿಯೊಂದು ಕ್ರಯಪತ್ರದಲ್ಲೂ, ಅದು ಹೊಲವಿರಲಿ, ಸೈಟಿರಲಿ, ಮನೆಯಿರಲಿ, ಮಧ್ಯವರ್ತಿಯ ಹೆಸರು, ಪ್ಯಾನ್ ಸಂಖ್ಯೆ, ಮಾರಿದವರಿಂದ ಎಷ್ಟು ಮತ್ತು ಕೊಂಡವರಿಂದ ಎಷ್ಟು ಪಡೆದ ಎಂಬ ವಿವರ ಇರಬೇಕು. ಮಧ್ಯವರ್ತಿ ಇಲ್ಲದಿದ್ದರೆ ಇಲ್ಲವೆಂದು ಇಬ್ಬರೂ ಘೋಷಿಸಬೇಕು. ಕಾವೇರಿ ತಂತ್ರಾಂಶದಲ್ಲಿ ಇಷ್ಟೊಂದು ಕಾಲಂಗಳಿರುವಾಗ ಇನ್ನೊಂದು ಭಾರವಾಗದು. ಜೊತೆಗೆ ಒಂದು ನಿಯಮ: ಹೀಗೆ ಬರೆದ ಮೊತ್ತಕ್ಕೆ ಮಾತ್ರ ದಲ್ಲಾಳಿಗೆ ಕಾನೂನಿನ ಹಕ್ಕು, ಬರೆಯದಿದ್ದುದನ್ನು ಆತ ಕೇಳುವಂತಿಲ್ಲ, ಕೊಟ್ಟವರು ಮರಳಿ ಕೇಳಬಹುದು. ಇದೇನೂ ಕಂಡುಕೇಳರಿಯದ ಏರ್ಪಾಡಲ್ಲ. ಹರಿಯಾಣ 2008ರಲ್ಲೇ ಆಸ್ತಿ ದಲ್ಲಾಳಿಗಳಿಗೆಂದು ಪ್ರತ್ಯೇಕ ಕಾಯ್ದೆ ಮಾಡಿತು. ಮಹಾರಾಷ್ಟ್ರದ ರೇರಾ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ದೊಡ್ಡ ಮೊಕದ್ದಮೆಯೊಂದರ ರಾಜಿಯ ನಂತರ, 2024ರ ಆಗಸ್ಟ್‌ನಿಂದ, ಏಜೆಂಟನು ಮನೆ ತೋರಿಸುವುದಕ್ಕೆ ಮೊದಲೇ ಕೊಳ್ಳುವವರೊಡನೆ ತನ್ನ ಶುಲ್ಕವನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಆಕ್ಷೇಪ ನನಗೆ ಗೊತ್ತು. ಬೆಲೆಯನ್ನೇ ಮಾರ್ಗಸೂಚಿ ದರಕ್ಕೆ ಇಳಿಸಿ ಬರೆಯುವವರು ಕಮಿಷನ್ನನ್ನು ನಿಜವಾಗಿ ಬರೆಯುತ್ತಾರೆಯೇ? ಸ್ಥಿರಾಸ್ತಿಯ ಮುಂಗಡವಾಗಿ 20 ಸಾವಿರ ರೂಪಾಯಿ ಹಾಗೂ ಅದಕ್ಕೂ ಮೀರಿದ ಹಣವನ್ನು ನಗದಾಗಿ ಪಡೆಯಬಾರದೆಂಬ ನಿಯಮ 2015ರಲ್ಲಿ ಬಂತು. ನಗದು ನಿಂತಿಲ್ಲವೆಂಬುದು ನಿಜ. ಆದರೆ ಬೆಲೆ ಮುಚ್ಚಿಡುವುದರಲ್ಲಿ ಮಾರುವವನೂ ಕೊಳ್ಳುವವನೂ ಪಾಲುದಾರರು. ದಲ್ಲಾಳಿಯ ಪಾಲು ಮುಚ್ಚಿಡುವುದರಲ್ಲಿ ಇಬ್ಬರಿಗೂ ಲಾಭವಿಲ್ಲ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತು, ‘ನೀವೆಷ್ಟು ಕೊಟ್ಟಿರಿ, ನಿಮಗೆಷ್ಟು ಬಂತು’ ಎಂಬ ಕಾಲಂ ತುಂಬಬೇಕಾದಾಗ ಟವೆಲು ತಾನಾಗಿಯೇ ಜಾರುತ್ತದೆ. 20 ಲಕ್ಷದ ಅಂತರ ಬಯಲಾಗುವುದಾದರೆ ದಲ್ಲಾಳಿಯೂ ಮೊದಲೇ ಶೇ 2ಕ್ಕೋ ಶೇ 3ಕ್ಕೋ ಮಾತು ಮುಗಿಸಿಕೊಳ್ಳುತ್ತಾನೆ. ಆತನ ಶ್ರಮಕ್ಕೆ ಶೇ 3 ಹೆಚ್ಚೆಂದು ನಾನು ಹೇಳಲಾರೆ. ಅಕ್ಕನ ಮನೆಗೆ ಬಾಳೆಹಣ್ಣು ಹಿಡಿದು ಹೋದವನು ಆತನೇ.

ಚನ್ನಪಟ್ಟಣದ ಕಡೆ ಮೂವತ್ತು ವರ್ಷಗಳಿಂದ ಇದೇ ಕಸುಬು ಮಾಡಿಕೊಂಡಿರುವ ಹಿರಿಯರೊಬ್ಬರ ಮುಂದೆ ಈ ಸಲಹೆಯನ್ನು ಇಟ್ಟೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದವರು ಹೇಳಿದರು: ‘ಬರೆಸೋಕೆ ನಾನು ರೆಡಿ ಸಾರ್. ಬರೆಸಿದ್ರೆ ನನ್ನ ಮಗನಿಗೆ ಹೆಣ್ಣು ಕೇಳೋಕೆ ಹೋದಾಗ ಏನ್ ಕೆಲಸ ಅಂದ್ರೆ ಹೇಳ್ಕೋಬಹುದು. ಆದ್ರೆ ಎದುರು ಅಂಗಡಿಯವನೂ ಬರೆಸ್ಬೇಕು. ನಾನೊಬ್ನೇ ಬರೆಸಿದ್ರೆ ಪಾರ್ಟಿ ನನ್ನತ್ರ ಬರಲ್ಲ.’